ಗೋಡೆಯ ಮೇಲಿನ ಡಬ್ಬಿ

ಬಾವಿಯಣ್ಣನನ್ನು ನಮ್ಮೂರಿನಲ್ಲೇ ಇರಲು ಬಿಡಬೇಕೋ, ಪಟ್ಟಣದ ಆರೈಕೆ ನಿಲಯಕ್ಕೆ ಒಯ್ಯಬೇಕೋ ಎಂದು ನೋಡಿ ತೀರ್ಮಾನಿಸಲು ಆ ನಿಲಯದ ಮೇಡಂ ಬಂದಿದ್ದರು. ಅವರನ್ನು ಊರು ಸುತ್ತಿಸುವ ಕೆಲಸ ನನ್ನ ಕುತ್ತಿಗೆಗೆ ಬಿತ್ತು. ಬೇರೆಯವರಿಗೆಲ್ಲ ಕೆಲಸವಿತ್ತಂತೆ. ನನಗಿರಲಿಲ್ಲವೇ? ಇತ್ತು. ಆದರೆ ಕ್ಷೌರದ ಅಂಗಡಿಯೆಂದರೆ ಜನರ ಕಣ್ಣಿಗೆ ಹರಟೆಯ ಕಟ್ಟೆ, ಅಲ್ಲಿ ಕತ್ತರಿ ಹಿಡಿದು ನಿಂತವನು ಸದಾ ಬಿಡುವಾಗಿರುವ ಪ್ರಾಣಿ. ನನ್ನನ್ನು ಕರೆಯುವುದೂ ಕತ್ತರಿ ಎಂದೇ. ನಾಲಿಗೆಯನ್ನೂ ಸೇರಿಸಿಯೇ ಆ ಹೆಸರಿಟ್ಟಿದ್ದಾರೆ ಎಂದು ನನಗೆ ಗೊತ್ತು.

ಬಾವಿಯಣ್ಣ ಬಾವಿ ತೋಡುವವನು. ನಮ್ಮೂರಿನ ಹೆಚ್ಚುಕಡಿಮೆ ಎಲ್ಲ ಬಾವಿಗಳೂ ಅವನ ಗುದ್ದಲಿಯಿಂದಲೇ ಆದವು. ಶಾಲೆಯ ಹಿಂದಿನ ಬಾವಿಗೆ ಹೂಳೆತ್ತಲು ಇಳಿದಿದ್ದಾಗ ಮೇಲಿನಿಂದ ಕಲ್ಲೊಂದು ಜಾರಿ ಸೊಂಟದ ಮೇಲೆ ಬಿತ್ತು. ಜೀವ ಉಳಿಯಿತು, ಸೊಂಟದ ಕೆಳಗೆ ಏನೂ ಉಳಿಯಲಿಲ್ಲ. ಮದುವೆಯಾದವನಲ್ಲ, ಹಿಂದೆ ಮುಂದೆ ಯಾರೂ ಇಲ್ಲ. ಗಾಲಿ ಹಚ್ಚಿದ ಹಲಗೆಯೊಂದರ ಮೇಲೆ ಕೂತು, ಕೈಯಿಂದ ನೆಲ ತಳ್ಳಿಕೊಂಡು ಹಿತ್ತಿಲಿನ ತನಕ ಹೋಗಿಬರುತ್ತಾನೆ. ಬೀದಿಯ ಕಡೆ ಮೆಟ್ಟಿಲುಗಳಿವೆ, ಇಳಿಯಲಾರ. ಕಾಲಿನ ಮೇಲೆ ಕೆಂಡ ಬಿದ್ದರೂ ಅವನಿಗೆ ತಿಳಿಯುವುದಿಲ್ಲವಾದ್ದರಿಂದ ಒಲೆಯ ಹತ್ತಿರ ಹೋಗಲೇಬಾರದು ಎಂದು ಡಾಕ್ಟರು ಹೇಳಿದ್ದರು. ಅಂಥವನು ಒಬ್ಬನೇ ಇರುವುದು ಸರಿಯಲ್ಲ ಎಂದು ನಿಲಯಕ್ಕೆ ಬರೆದವರೂ ಆ ಡಾಕ್ಟರೇ. ಬಾವಿಯಣ್ಣನಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ನಾನು ವಾರಕ್ಕೊಮ್ಮೆ ಗಡ್ಡ ಹೆರೆಯಲು ಹೋದಾಗಲೆಲ್ಲ ಅದೇ ಮಾತು. "ಕತ್ತರಿ, ಇಲ್ಲಿ ಮಲ್ಕೊಂಡೇ ಯಾರ ಮನೆ ರಾಟೆ ತಿರುಗ್ತಿದೆ ಅಂತ ಹೇಳ್ತೀನಿ ಕಣೋ. ಅಲ್ಲಿಗೆ ಹೋದ್ರೆ ನಲ್ಲಿ ನೀರಿನ ಸದ್ದು ಕೇಳ್ಕೊಂಡು ಸಾಯ್ಬೇಕು."

ಅವನ ಊಟದ ವ್ಯವಸ್ಥೆಯ ಬಗ್ಗೆ ಹೇಳಬೇಕು, ಏಕೆಂದರೆ ನಮ್ಮೂರು ಬೆನ್ನು ತಟ್ಟಿಕೊಳ್ಳುವುದು ಅದಕ್ಕೇ. ಅವನ ಸೊಂಟ ಮುರಿದ ವರ್ಷ ಊರೆಲ್ಲ ಸೇರಿ, ನಮ್ಮ ಬಾವಿಯಲ್ಲಿ ನೆಲ ಹಿಡಿದವನ ಹೊಟ್ಟೆ ನಮ್ಮ ಜವಾಬ್ದಾರಿ ಎಂದು ಒಪ್ಪಿಕೊಂಡಿತು. ಒಂದು ಡಬ್ಬಿ ತಂದರು, ಮುಚ್ಚಳವಿರುವ ದೊಡ್ಡ ಡಬ್ಬಿ. ಅದು ಯಾರ ಜಗಲಿಯ ಮೇಲಿರುತ್ತದೆಯೋ ಅವತ್ತು ಆ ಮನೆಯ ಸರದಿ. ಬೆಳಿಗ್ಗೆ ಊಟ ತುಂಬಿಸಿ ಕೊಟ್ಟು, ಅವನ ಕೊಡಕ್ಕೆ ನೀರು ಹಾಕಿ ಬರುವುದು. ಸಂಜೆ ಡಬ್ಬಿ ತೊಳೆದು ಪಕ್ಕದ ಮನೆಯ ಜಗಲಿಯ ಮೇಲೆ ಇಟ್ಟುಬಿಡುವುದು. ಕೂಗಿ ಕರೆಯುವಂತಿಲ್ಲ, ನಿಮ್ಮ ಸರದಿ ಎಂದು ನೆನಪಿಸುವಂತಿಲ್ಲ, ಕೊಟ್ಟಿರಾ ಎಂದು ಕೇಳುವಂತಿಲ್ಲ. ಕೇಳಿದರೆ ನಂಬಿಕೆಯಿಲ್ಲ ಎಂದಾಗುತ್ತದೆ, ಹೇಳಿದರೆ ಜಂಬ ಕೊಚ್ಚಿಕೊಂಡ ಹಾಗಾಗುತ್ತದೆ. ಬಾವಿಯಣ್ಣನೂ ಇವತ್ತು ಯಾರ ಮನೆಯದು ಎಂದು ಕೇಳುತ್ತಿರಲಿಲ್ಲ. ತುತ್ತು ಬಾಯಿಗಿಟ್ಟ ಕೂಡಲೇ ಉಪ್ಪಿನ ಮೇಲೆ ಹೇಳಿಬಿಡುತ್ತಿದ್ದ, ಅದು ಬೇರೆ ಮಾತು.

ಮೇಡಂ ಬರುವ ಸುದ್ದಿ ಮುಂಚೆಯೇ ಬಂದಿತ್ತು. ನಿವೃತ್ತ ಮೇಷ್ಟ್ರು ಮನೆ ಮನೆಗೆ ಹೋಗಿ, ಎಲ್ಲರೂ ಒಂದೇ ಬಾಯಲ್ಲಿ ಮಾತಾಡಬೇಕು, ಊರಿನ ಮರ್ಯಾದೆಯ ಪ್ರಶ್ನೆ ಎಂದು ಹೇಳಿಬಂದಿದ್ದರು. ನಾನು ಮಾತ್ರ ಆ ದಿನಗಳಲ್ಲಿ ಊರಲ್ಲಿರಲಿಲ್ಲ. ಮಗಳಿಗೆ ಹೆರಿಗೆಯಾಗಿತ್ತು, ನಾಲ್ಕು ದಿನದ ಹಿಂದೆ ನೋಡಿಕೊಂಡು ಬರಲು ಹೋಗಿದ್ದೆ. ತಿರುಗಿ ಬಂದು ಬಸ್ಸಿನಿಂದ ಇಳಿಯುತ್ತಿದ್ದ ಹಾಗೇ ಮೇಷ್ಟ್ರು ನನ್ನ ಚೀಲವನ್ನು ಕಸಿದು ಪಕ್ಕಕ್ಕಿಟ್ಟು, "ಬಂದ್ಯಲ್ಲ, ಒಳ್ಳೇದಾಯ್ತು. ಮೇಡಂನ ಕರ್ಕೊಂಡು ಹೋಗು" ಎಂದರು. ಮೊಮ್ಮಗನೋ ಮೊಮ್ಮಗಳೋ ಎಂದು ಕೇಳುವ ಸೌಜನ್ಯವೂ ಇಲ್ಲ.

ಮೇಡಂ ಸಣ್ಣ ದನಿಯವರು, ಮಾತು ಕಡಿಮೆ. ನಾನು ನೇರವಾಗಿ ಬಾವಿಯಣ್ಣನ ಮನೆಯ ಕಡೆ ತಿರುಗಿದರೆ ಬೇಡವೆಂದರು.

"ಅವ್ರನ್ನ ಕೊನೇಲಿ ನೋಡ್ತೀನಿ. ಅವ್ರ ವಿಷ್ಯ ಕೇಳಿದ್ರೆ ಎಲ್ರೂ ಚೆನ್ನಾಗಿ ನೋಡ್ಕೊಳ್ತೀವಿ ಅಂತಾನೇ ಹೇಳ್ತಾರೆ. ನಾನು ಊರಿನ ವಿಷ್ಯ ಕೇಳ್ತೀನಿ. ಇಲ್ಲಿ ಬದುಕು ಹೇಗಿದೆ, ಒಬ್ರಿಗೊಬ್ರು ಹೇಗಿದ್ದಾರೆ, ಅಷ್ಟೇ."

ಚುರುಕಾದ ಹೆಂಗಸು ಎಂದುಕೊಂಡೆ.

ಮೊದಲು ಮೇಷ್ಟ್ರ ಮನೆ. ಅವರು ಆಗಲೇ ಇಸ್ತ್ರಿಯ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಬದುಕು ಹೇಗಿದೆ ಎಂದು ಕೇಳಿದ್ದೇ ತಡ, ಭಾಷಣ ಶುರುವಾಯಿತು. "ನಮ್ಮಲ್ಲಿ ಬಾಗಿಲಿಗೆ ಚಿಲಕ ಹಾಕೋದಿಲ್ಲ ಮೇಡಂ. ಒಬ್ಬರ ಮನೇಲಿ ಮಗು ಅತ್ರೆ ಹತ್ತು ಮನೆಯವ್ರು ಎದ್ದು ಬರ್ತಾರೆ. ನಿಮ್ಮ ಪಟ್ಟಣದಲ್ಲಿ ಎದುರುಮನೆಯವನ ಹೆಸರು ಗೊತ್ತಿರುತ್ತಾ ನಿಮಗೆ?" ಮೇಡಂ ಇಲ್ಲವೆಂದು ಪ್ರಾಮಾಣಿಕವಾಗಿ ತಲೆಯಾಡಿಸಿದರು. ಮೇಷ್ಟ್ರಿಗೆ ಸ್ವರ್ಗ ಮೂರೇ ಗೇಣು. ಅವರ ಮನೆಯ ಬಾಗಿಲಿಗೆ ಒಂದಲ್ಲ, ಎರಡು ಚಿಲಕವಿರುವುದು ನಾನು ಕೂತಲ್ಲಿಗೇ ಕಾಣುತ್ತಿತ್ತು.

ಅಲ್ಲಿಂದ ದಿನಸಿ ಅಂಗಡಿ. ಅಂಗಡಿ ಅಕ್ಕ ತಕ್ಕಡಿಯ ಹಿಂದೆ ನಿಂತೇ ಮಾತಾಡಿದಳು. ಅವಳದು ಬೇರೆಯೇ ರಾಗ. "ಇಲ್ಲಿ ಬದುಕೋದು ಕಷ್ಟ ಏನಲ್ಲ. ಯಾರ ಕಡೇನೂ ಸೇರ್ಕೋಬಾರ್ದು, ಅಷ್ಟೇ. ನಾನು ಎಲ್ರಿಗೂ ಸಾಮಾನು ಕೊಡ್ಬೇಕಲ್ವಾ? ಅವ್ರ ಹತ್ರ ಇವ್ರ ಸುದ್ದಿ ಎತ್ತಲ್ಲ, ಇವ್ರ ಹತ್ರ ಅವ್ರ ಸುದ್ದಿ ಎತ್ತಲ್ಲ. ಆಗ ಎಲ್ರೂ ಒಳ್ಳೇವ್ರೇ." ಇಷ್ಟು ಹೇಳಿ ನನ್ನ ಕಡೆ ತಿರುಗಿ, "ನೋಡು, ಮೊನ್ನೆ ನನ್ನ ಸರದಿ ಮುಗೀತು. ಗಾಣದ ಮನೆಗೆ ಕೊಡ್ಬೇಕಿತ್ತು. ಅಲ್ಲಿ ಈಗ ಎರಡು ಮನೆ ಆಗಿದ್ಯಲ್ಲ, ಯಾರ ಜಗಲಿ ಮೇಲಿಟ್ರೂ ಇನ್ನೊಬ್ರಿಗೆ ಸಿಟ್ಟು. ಉಪಾಯವಾಗಿ ಮಧ್ಯದ ಗೋಡೆ ಮೇಲಿಟ್ಟು ಬಂದೆ" ಎಂದಳು. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ನಕ್ಕಳು.

ಮೊನ್ನೆ ಎಂದು ಅವಳು ಬಾಯಿಮಾತಿಗೆ ಹೇಳಿದ್ದು. ನನಗೆ ಆಗ ಏನೂ ಹೊಳೆಯಲಿಲ್ಲ.

ಗಾಣದ ಮನೆಯೆಂದರೆ ಎಣ್ಣೆ ತೆಗೆಯುವ ಅಣ್ಣತಮ್ಮಂದಿರ ಮನೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಈಗ ಹಾವು ಮುಂಗುಸಿಯಾಗಿದ್ದರು. ಜಗಳ ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ ಅವರಿಗೇ ನೆನಪಿಲ್ಲ. ಜಗಲಿಯ ಮಧ್ಯಕ್ಕೆ ಎದೆಮಟ್ಟದ ಇಟ್ಟಿಗೆ ಗೋಡೆಯೊಂದು ಎದ್ದಿತ್ತು, ಗಿಲಾವು ಕೂಡ ಮಾಡಿರಲಿಲ್ಲ. ಈ ಕಡೆ ದೊಡ್ಡವನ ಹೆಂಡತಿ ಬೀಜ ಕೇರುತ್ತಿದ್ದಳು. ಆ ಕಡೆ ಚಿಕ್ಕವನ ಹೆಂಡತಿ ಹಿಂಡಿಯನ್ನು ಚೀಲಕ್ಕೆ ತುಂಬುತ್ತಿದ್ದಳು. ನಡುವೆ, ಗೋಡೆಯ ಮೇಲೆ, ಡಬ್ಬಿ.

ಮೇಡಂ ದೊಡ್ಡವಳನ್ನು ಕೇಳಿದರು. ಅವಳು ಮೊರವನ್ನು ಪಕ್ಕಕ್ಕಿಟ್ಟು, ಗೋಡೆಯಾಚೆ ಚೆನ್ನಾಗಿ ಕೇಳಿಸಲಿ ಎನ್ನುವಂತೆ, "ನಮ್ಮೂರಲ್ಲಿ ಹಸಿದು ಮಲಗೋರು ಯಾರೂ ಇಲ್ಲಮ್ಮ. ಕೆಲವರಿಗೆ ಕರುಣೆ ಇಲ್ದೇ ಇರ್ಬಹುದು, ಆದ್ರೂ ಸರದಿ ಬಂದಾಗ ಮಾಡ್ಲೇಬೇಕಲ್ಲ, ಮಾಡ್ತಾರೆ" ಎಂದಳು.

ಚಿಕ್ಕವಳು ಆಚೆಯಿಂದಲೇ, ಚೀಲವನ್ನು ನೋಡುತ್ತ ಹೇಳಿದಳು. "ಹೌದು. ಹಿರೀರು ಅನ್ನಿಸ್ಕೊಂಡೋರು ಮೊದ್ಲು ಮಾಡ್ತಾರೆ, ಆಮೇಲೆ ಚಿಕ್ಕೋರು ಮಾಡ್ತಾರೆ. ಅದು ಪದ್ಧತಿ."

ಆಗ ಡಬ್ಬಿಯನ್ನು ಸರಿಯಾಗಿ ನೋಡಿದೆ. ಮುಚ್ಚಳದ ಮೇಲೆ ಗಾಣದ ಧೂಳು ಸಮನಾಗಿ ಕೂತಿತ್ತು. ಹಿಡಿಕೆಯಿಂದ ಗೋಡೆಗೆ ಜೇಡವೊಂದು ಎಳೆ ಕಟ್ಟಿತ್ತು. ಮಗಳ ಊರಿಗೆ ಹೊರಟ ಬೆಳಿಗ್ಗೆ ಇದೇ ಬೀದಿಯಲ್ಲಿ ಬಸ್ಸಿಗೆ ಹೋಗಿದ್ದೆ. ಅವತ್ತೂ ಡಬ್ಬಿ ಇದೇ ಗೋಡೆಯ ಮೇಲೆ, ಹಿಡಿಕೆ ಇದೇ ಕಡೆಗೆ ತಿರುಗಿಕೊಂಡು ಕೂತಿತ್ತು. ಓಹೋ ಗಾಣದವರ ಸರದಿ ಎಂದುಕೊಂಡು ಮುಂದೆ ಹೋಗಿದ್ದೆ. ನನ್ನ ಹಾಗೆಯೇ ಬೀದಿಯಲ್ಲಿ ಓಡಾಡಿದ ಪ್ರತಿಯೊಬ್ಬರೂ ಡಬ್ಬಿ ನೋಡಿ ಹಾಗೇ ಅಂದುಕೊಂಡಿರಬೇಕು. ಇವರಿಬ್ಬರಲ್ಲಿ ಯಾರು ಮೊದಲು ಮುಟ್ಟಿದರೂ ಸೋತ ಹಾಗೆ. ಹಾಗಾಗಿ ಯಾರೂ ಮುಟ್ಟಿಲ್ಲ. ಕೇಳುವ ಪದ್ಧತಿ ಊರಿಗೇ ಇಲ್ಲ.

ಅಲ್ಲೇ ಇಬ್ಬರು ಹೆಂಗಸರ ಜನ್ಮ ಜಾಲಾಡಬೇಕೆನ್ನಿಸಿತು. ಆದರೆ ಮೇಡಂ ಪಕ್ಕದಲ್ಲಿ ನಿಂತಿದ್ದರು, ಮಾತು ಹೊರಬಿದ್ದರೆ ಬಾವಿಯಣ್ಣನ ಕಥೆ ಮುಗಿಯಿತು. "ಇನ್ನು ಅವ್ರ ಮನೆಗೆ ಹೋಗೋಣ್ವಾ?" ಎಂದು ಅವರೇ ಕೇಳಿದರು. ನಾನು ಮುಂದೆ ಮುಂದೆ ನಡೆದೆ. ಹೆಚ್ಚುಕಡಿಮೆ ಓಡಿದೆ ಎನ್ನಬೇಕು.

ಬಾವಿಯಣ್ಣನ ಮನೆ ಒಂದೇ ಕೋಣೆಯದು. ಬೀದಿಯ ಕಡೆಗೊಂದು ಕಿಟಕಿ, ಅದರ ಕೆಳಗೆ ಅವನ ಚಾಪೆ. ಕಿಟಕಿಯಿಂದ ಒಂದು ಕೂಗು ಹಾಕಿದರೆ ಸಾಕು, ಹೋಗುವವರು ಬರುವವರು ತಿರುಗಿ ನೋಡುತ್ತಾರೆ. ನಾವು ಒಳಗೆ ಹೋದಾಗ ಅವನು ಒಗೆದ ಅಂಗಿ ತೊಟ್ಟು, ಗೋಡೆಗೊರಗಿ, ಹಲಗೆಯ ಮೇಲೆ ನೆಟ್ಟಗೆ ಕೂತಿದ್ದ. ತಲೆ ಬಾಚಿಕೊಂಡಿದ್ದ. ಗಡ್ಡ ಮಾತ್ರ ಬೆಳೆದಿತ್ತು, ಅದಕ್ಕೆ ನಾನು ಬರಬೇಕಿತ್ತಲ್ಲ. ಕೆನ್ನೆ ಒಳಕ್ಕೆ ಹೋಗಿತ್ತು. ತುಟಿ ಒಡೆದು ಕರಿ ಗೆರೆಗಳಾಗಿದ್ದವು. ಕೊಡದ ಬಾಯಿಗೆ ತಟ್ಟೆ ಮುಚ್ಚಿದ್ದ. ಅದರ ತಳದಲ್ಲಿ ಎಷ್ಟು ನೀರಿದ್ದೀತೆಂದು ಎತ್ತಿ ನೋಡದೆಯೇ ನನಗೆ ತಿಳಿಯಿತು.

"ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದ. ದನಿ ಒಣಗಿ ಕರಕರ ಎನ್ನುತ್ತಿತ್ತು. "ಕತ್ತರಿ, ಅವರಿಗೆ ಮಣೆ ಹಾಕೋ. ಮಗಳು ಹೇಗಿದಾಳೆ? ಗಂಡೋ ಹೆಣ್ಣೋ?"

ಊರಿಗೆ ಬಂದಮೇಲೆ ಅದನ್ನು ಕೇಳಿದವನು ಅವನೊಬ್ಬನೇ. "ಹೆಣ್ಣು" ಎಂದೆ.

ಮೇಡಂ ಎಲ್ಲವನ್ನೂ ನಿಧಾನವಾಗಿ ನೋಡಿದರು. ಚಾಪೆ ಸ್ವಚ್ಛವಾಗಿತ್ತು, ಹಿತ್ತಿಲ ಬಾಗಿಲ ಹತ್ತಿರ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದ. ಆಮೇಲೆ ಕೇಳಿದರು. "ಊಟ ಸರಿಯಾಗಿ ಬರುತ್ತಾ?"

"ಬರುತ್ತೆ."

"ದಿನಾ?"

"ದಿನಾ ಬರುತ್ತೆ ಮೇಡಂ. ತಿಂದು ಮುಗಿಸೋಕೆ ಆಗಲ್ಲ ಅಷ್ಟು ಕೊಡ್ತಾರೆ. ಊರು ಅಂದ್ರೆ ಹಾಗೇ ಅಲ್ವಾ."

"ಇವತ್ತು ಬಂತಾ?"

"ಬಂತು. ತಿಂದೆ. ಡಬ್ಬಿ ತಗೊಂಡು ಹೋದ್ರು." ಹೇಳಿ ನನ್ನ ಮುಖ ನೋಡಿದ. ಅವನು ಕಣ್ಣಲ್ಲಿ ಬೇಡಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೊಂಟ ಮುರಿದಾಗ ಅವನನ್ನು ಮೇಲೆತ್ತಿದವರಲ್ಲಿ ನಾನೂ ಇದ್ದೆ. ಆಗಲೂ ಅವನು ಹಾಗೆ ನೋಡಿರಲಿಲ್ಲ.

ನನಗೆ ಎಲ್ಲವೂ ಅರ್ಥವಾಯಿತು. ಅವನು ಕಿಟಕಿಯಿಂದ ಕೂಗಿರಲಿಲ್ಲ. ಕೂಗಿದರೆ ಊರೇ ಗುಲ್ಲಾಗುತ್ತದೆ, ಗುಲ್ಲಾದರೆ ಮೇಡಂ ಕಿವಿಗೆ ಬೀಳುತ್ತದೆ, ಬಿದ್ದರೆ ಅವನನ್ನು ಒಯ್ಯುತ್ತಾರೆ. ಇವರು ಬಂದು ಹೋಗಲಿ ಎಂದು ಹಸಿವನ್ನು ಕಚ್ಚಿ ಹಿಡಿದು ಕೂತಿದ್ದ. ಕೊಡದ ನೀರನ್ನು ಗುಟುಕು ಗುಟುಕಾಗಿ ಕುಡಿದು, ಉಳಿದದ್ದರಲ್ಲಿ ಅಂಗಿ ತೋಯಿಸಿ ಒಗೆದುಕೊಂಡಿದ್ದ.

ಮೇಡಂಗೆ ಸಮಾಧಾನವಾದ ಹಾಗಿತ್ತು. ಏಳುತ್ತಾ, "ನಿಮ್ಮೂರಿನಂಥ ಊರು ಎಲ್ಲ ಕಡೆ ಇದ್ದಿದ್ರೆ ನಮ್ಮ ನಿಲಯಕ್ಕೆ ಕೆಲ್ಸವೇ ಇರ್ತಿರಲಿಲ್ಲ" ಎಂದರು. ಮನಸಾರೆಯೇ ಹೇಳಿದರು, ಪಾಪ.

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಬಾಗಿಲಲ್ಲಿ ಮೇಷ್ಟ್ರು ಬಂದು ನಿಂತಿದ್ದರು. ಅವರ ಹಿಂದೆ ಇನ್ನೊಂದಷ್ಟು ಜನ. ಎಲ್ಲರ ಮುಖದ ಮೇಲೂ ಗೆದ್ದ ಕಳೆ. ಅವರು ಗೆದ್ದದ್ದು ಯಾವುದರ ಮೇಲೆ? ಆ ಒಡೆದ ತುಟಿಯ ಮೇಲೆ. ಮೇಡಂ ಹೋದ ಕೂಡಲೇ ನಾನೇ ಓಡಿಹೋಗಿ ಅನ್ನ ತಂದುಕೊಡಬಹುದಿತ್ತು. ಅದು ನನಗೆ ಹೊಳೆಯದೇ ಇರಲಿಲ್ಲ. ಆದರೆ ನಾಳೆ? ಮುಂದಿನ ಸಲ ಇನ್ನೆರಡು ಮನೆ ಮುನಿಸಿಕೊಂಡಾಗ? ಆಗಲೂ ಈ ಮನುಷ್ಯ ಕೂಗುವುದಿಲ್ಲ, ಈ ಜನ ಕೇಳುವುದಿಲ್ಲ.

"ಮೇಡಂ, ಆ ಕೊಡದ ತಟ್ಟೆ ಎತ್ತಿ ನೋಡಿ" ಎಂದೆ. "ಗಾಣದ ಮನೆ ಗೋಡೆ ಮೇಲೆ ನೋಡಿದ್ರಲ್ಲ, ಅದೇ ಇವನ ಊಟದ ಡಬ್ಬಿ. ನಾನು ಮಗಳ ಊರಿಗೆ ಹೋಗೋ ಮುಂಚಿಂದ ಅದು ಅಲ್ಲೇ ಕೂತಿದೆ. ಇವನು ಊಟ ಮಾಡಿ ಎಷ್ಟು ದಿನ ಆಯ್ತೋ ಇವನನ್ನೇ ಕೇಳಿ."

"ಸುಳ್ಳು!" ಎಂದು ಬಾವಿಯಣ್ಣ ಕಿರುಚಿದ. ಇಷ್ಟು ದಿನ ಕೂಗದೆ ಉಳಿಸಿಕೊಂಡಿದ್ದ ಶಕ್ತಿಯನ್ನೆಲ್ಲ ಅದಕ್ಕೇ ಸುರಿದ. "ಸುಳ್ಳು ಮೇಡಂ! ಇವನ ಬಾಯಿ ಸರಿ ಇಲ್ಲ, ಇಡೀ ಊರಿಗೇ ಗೊತ್ತು. ಬೇಕಾದ್ರೆ ಯಾರನ್ನಾದ್ರೂ ಕೇಳಿ!"

ಮೇಡಂ ಯಾರನ್ನೂ ಕೇಳಲಿಲ್ಲ. ತಟ್ಟೆ ಎತ್ತಿ ಕೊಡದೊಳಗೆ ನೋಡಿದರು. ತಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಅವನ ಕಡೆ ಚಾಚಿದರು. ಅವನು ತಗೊಳ್ಳಬಾರದಿತ್ತು. ತಗೊಳ್ಳಬಾರದೆಂದು ಅವನಿಗೂ ಗೊತ್ತಿತ್ತು. ಆದರೆ ಕೈ ಅವನ ಮಾತು ಕೇಳಲಿಲ್ಲ. ಬಾಟಲಿ ಕಸಿದು, ಎದೆಯ ಮೇಲೆಲ್ಲ ಚೆಲ್ಲಿಕೊಳ್ಳುತ್ತ ಗಟಗಟ ಕುಡಿದ. ಬಾಗಿಲಲ್ಲಿ ನಿಂತವರು ಬೇರೆ ಕಡೆ ನೋಡಿದರು.

ಆಮೇಲೆ ನಡೆದದ್ದು ನೋಡಬೇಕಿತ್ತು. ಅರೆಗಳಿಗೆಯಲ್ಲಿ ಆ ಸಣ್ಣ ಕೋಣೆಗೆ ಊರಿನ ಪಾತ್ರೆಗಳೆಲ್ಲ ಬಂದವು. ಅಂಗಡಿ ಅಕ್ಕ ಅಳುತ್ತಾ ಹಾಲು ತಂದಳು. ಗಾಣದ ಮನೆಯ ಇಬ್ಬರು ಹೆಂಗಸರೂ ಒಂದೇ ಸಲಕ್ಕೆ ಬಾಗಿಲಿಗೆ ಬಂದು, ನಿನ್ನ ಸರದಿ, ನಿನ್ನದೇ ಸರದಿ ಎಂದು ಅನ್ನದ ತಪ್ಪಲೆ ಹಿಡಿದುಕೊಂಡೇ ಕಿತ್ತಾಡಿದರು. ಮೇಡಂ ಎಲ್ಲರನ್ನೂ ಹೊರಗೆ ಹಾಕಿ, ತೆಳ್ಳಗೆ ಗಂಜಿ ಮಾಡಿಸಿ, ತಾವೇ ಕೂತು ಚಮಚೆಯಲ್ಲಿ ಕುಡಿಸಿದರು. ಅವನು ಕುಡಿಯುತ್ತಿದ್ದ, ಕಣ್ಣಿಂದ ನೀರು ಇಳಿಯುತ್ತಿತ್ತು. ಸಂಜೆಯೊಳಗೆ ನಿಲಯದ ವ್ಯಾನು ಬಂತು. ಅವನನ್ನು ಎತ್ತಿಕೊಂಡು ಹೋಗಲು ನಾನೂ ಕೈ ಹಾಕಿದೆ. "ಇವನು ಬೇಡ" ಎಂದ, ಅಷ್ಟೇ. ಹಿಂದಕ್ಕೆ ಸರಿದು ನಿಂತೆ.

ಊರು ನನ್ನನ್ನು ಬಿಡಲಿಲ್ಲ. ಊರಿನ ಮಾನ ಬೀದಿಗೆ ತಂದವನು ಎಂದರು. ಹಸಿದವನ ಸುದ್ದಿ ಯಾರೂ ಎತ್ತಲಿಲ್ಲ, ಹೇಳಿದವನ ಸುದ್ದಿಯೇ ಮಾತಾಯಿತು. "ನಮ್ಮ ನಮ್ಮಲ್ಲೇ ಸರಿಮಾಡ್ಕೋಬಹುದಿತ್ತು" ಎಂದು ಮೇಷ್ಟ್ರು ಹೇಳಿದರು. ಯಾವಾಗ, ಹೆಣ ಎತ್ತುವಾಗಲೇ ಎಂದು ಕೇಳಿದೆ. ಅಂದಿನಿಂದ ಅವರು ಕ್ಷೌರಕ್ಕೆ ಪಕ್ಕದ ಊರಿಗೆ ಹೋಗುತ್ತಾರೆ. ಒಬ್ಬೊಬ್ಬರಾಗಿ ಉಳಿದವರೂ ಹೋಗತೊಡಗಿದರು. ಗಾಣದ ಅಣ್ಣತಮ್ಮಂದಿರು ನನ್ನನ್ನು ಬೈಯಲೆಂದು ಮೊದಲ ಸಲ ಒಟ್ಟಿಗೆ ಕೂತರು. ಬೈಯುತ್ತ ಬೈಯುತ್ತ ರಾಜಿಯಾದರು, ಗೋಡೆ ಒಡೆದು ಇಟ್ಟಿಗೆಯನ್ನು ಕೊಟ್ಟಿಗೆಗೆ ಬಳಸಿಕೊಂಡರು. ನನ್ನಿಂದ ಒಬ್ಬರಿಗಾದರೂ ಉಪಕಾರವಾಯಿತಲ್ಲ ಎಂದು ನನ್ನ ಹೆಂಡತಿ ಅಡುಗೆಮನೆಯಿಂದಲೇ ಚುಚ್ಚುತ್ತಾಳೆ. ಅವಳಿಗೂ ಈಗ ಬಾವಿಕಟ್ಟೆಯಲ್ಲಿ ಯಾರೂ ಮಾತಾಡಿಸುವುದಿಲ್ಲ.

ನಾನು ಹೇಳಿದ್ದು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಹಾಗೆಂದು ನಿದ್ದೆ ಬರುತ್ತದೆಯೇ ಎಂದು ಕೇಳಬೇಡಿ.

ಒಂದು ತಿಂಗಳು ಬಿಟ್ಟು ಕ್ಷೌರದ ಪೆಟ್ಟಿಗೆ ಹಿಡಿದುಕೊಂಡು ನಿಲಯಕ್ಕೆ ಹೋದೆ. ಉದ್ದನೆಯ ಕೋಣೆ, ಎರಡು ಸಾಲು ಮಂಚ, ಬಿಳಿ ಗೋಡೆ, ಫಿನಾಯಿಲಿನ ವಾಸನೆ. ಬಾವಿಯಣ್ಣ ಕೊನೆಯ ಮಂಚದಲ್ಲಿದ್ದ. ಕೆನ್ನೆ ತುಂಬಿಕೊಂಡಿತ್ತು, ಮೈಗೆ ಬಣ್ಣ ಬಂದಿತ್ತು. ನನ್ನನ್ನು ನೋಡಿ ಮಾತಾಡಲಿಲ್ಲ, ಬೇಡವೆಂದೂ ಹೇಳಲಿಲ್ಲ. ಕುತ್ತಿಗೆಗೆ ಬಟ್ಟೆ ಸುತ್ತಿ ಸೋಪು ಹಚ್ಚಿದೆ. ಹೊರಗೆ ಯಾವುದೋ ಮೋಟಾರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ತಿರುಗಿಸುವಾಗ ಅವನೇ ಬಾಯಿಬಿಟ್ಟ.

"ನೀನು ಸುಮ್ನಿದ್ದಿದ್ರೆ ಮಾರನೇ ದಿನ ಯಾರಾದ್ರೂ ತರ್ತಿದ್ರು."

"ತರದೇ ಇದ್ದಿದ್ರೆ?"

"ತರದೇ ಇದ್ದಿದ್ರೆ ನನ್ನ ಮನೇಲಿ ಸಾಯ್ತಿದ್ದೆ."

ಕತ್ತಿ ಕೈಯಲ್ಲೇ ನಿಂತಿತು. "ನಿನ್ನನ್ನ ಸಾಯೋಕೆ ಬಿಟ್ಟು ನೋಡ್ಕೊಂಡು ಇರ್ಬೇಕಿತ್ತಾ ನಾನು?" ಎಂದೆ. ದನಿ ಏರಿತ್ತು, ಪಕ್ಕದ ಮಂಚದವನು ತಿರುಗಿ ನೋಡಿದ.

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಹಸಿವು ನಂದು ಕಣೋ" ಎಂದ. "ಅದನ್ನ ಏನ್ ಮಾಡ್ಬೇಕು ಅಂತ ನಾನು ಯೋಚ್ನೆ ಮಾಡಿದ್ದೆ. ನಿನಗೆ ಊರಿನ ಮೇಲೆ ಸಿಟ್ಟಿತ್ತು. ಆ ಸಿಟ್ಟಿಗೆ ನೀನು ನನ್ನ ಹಸಿವು ಎತ್ತಿ ಕೊಟ್ಬಿಟ್ಟೆ."

ನಾನು ಇನ್ನೊಂದು ಕೆನ್ನೆಯನ್ನೂ ಮುಗಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ತಟ್ಟೆಗಳನ್ನು ತಂದು ಪ್ರತಿ ಮಂಚಕ್ಕೂ ಒಂದೊಂದು ಇಡುತ್ತ ಬಂದಳು. ಎಲ್ಲರಿಗೂ ಒಂದೇ ಅಳತೆ, ಒಂದೇ ಬಿಸಿ. ಬಾವಿಯಣ್ಣ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ನನಗೆ ಬೆನ್ನು ಕೊಟ್ಟು, ಗೋಡೆಗೆ ಮುಖಮಾಡಿ ಕೂತ. ನಾನು ಕತ್ತಿ ಒರೆಸಿ ಪೆಟ್ಟಿಗೆಗೆ ಹಾಕಿ, ಅವನು ಉಣ್ಣುವುದನ್ನು ನೋಡುತ್ತ ನಿಂತೆ. ಅವನು ಒಂದಗುಳೂ ಬಿಡದೆ ಉಂಡ.